ಅವನ ಮಾತನ್ನು ಬೀರುವಿಗೆ ಹಾಕಿ ಬೀಗ ಜಡಿಯಬೇಡಿ

(ಗುರುತು ಸಿಗದಂತೆ ಹೆಸರು, ವಿವರಗಳನ್ನು ಬದಲಿಸಿದ್ದೇನೆ.)

ಮಂಡ್ಯದ ಹತ್ತಿರದ ಹಳ್ಳಿಯಿಂದ, ಇನ್ನೂ ಮಾತು ಬಾರದ ಆರು ವರ್ಷದ ಮನುವನ್ನು ತಾಯಿ, ಅಜ್ಜಿ ನನ್ನ ಬಳಿಗೆ ಕರೆತಂದಿದ್ದರು. ತಂದೆಗೆ ಆಲೆಮನೆ ಕೆಲಸ; ಕಬ್ಬು ಅರೆಯುವ ದಿನಗಳಲ್ಲಿ ಬಿಡುವಿಲ್ಲ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಹಿಂದೆಯೇ ತಪಾಸಣೆ ಆಗಿತ್ತು: ಕಿವಿ ಚೆನ್ನಾಗಿ ಕೇಳಿಸುತ್ತದೆ, ಆಟಿಸಂ ಇದೆ.

"ಮೊಬೈಲ್ ಕೊಟ್ಟು ಕೊಟ್ಟೇ ಮಗು ಹೀಗಾಯಿತು ಮೇಡಂ" ಎಂದರು ಅಜ್ಜಿ. ಸೊಸೆ ತಲೆ ತಗ್ಗಿಸಿದರು. ಆ ಮಾತನ್ನು ಅಲ್ಲೇ ತಡೆದೆ. "ಅಮ್ಮಾ, ಮೊಬೈಲಿನಿಂದ ಆಟಿಸಂ ಬರುವುದಿಲ್ಲ. ಮೆದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ ಅದು. ನಿಮ್ಮ ಸೊಸೆ ತಪ್ಪು ಮಾಡಿಲ್ಲ." ಇಷ್ಟು ಇತ್ಯರ್ಥವಾಗದೆ ನನ್ನ ಯಾವ ಸಲಹೆಯೂ ಆ ಮನೆಯ ಹೊಸಿಲು ದಾಟುತ್ತಿರಲಿಲ್ಲ.

ಅಷ್ಟರಲ್ಲಿ ಮನುವಿಗೆ ಬಾಯಾರಿತು. ತಾಯಿಯ ಮಣಿಕಟ್ಟು ಹಿಡಿದೆಳೆದು ಅವರ ಬೆರಳುಗಳನ್ನು ಬಾಟಲಿಯ ಮುಚ್ಚಳದ ಮೇಲಿಟ್ಟ. ಮುಖ ನೋಡಲಿಲ್ಲ. ಹೇಳುವುದು ಅವನಲ್ಲಿತ್ತು, ಹೇಳುವ ದಾರಿ ಇರಲಿಲ್ಲ.

ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಫೋನೊಂದಿತ್ತು. ಚಿತ್ರ ಒತ್ತಿದರೆ ಧ್ವನಿ ಬರುವ ಆ್ಯಪ್ ಒಂದನ್ನೇ ಅದರಲ್ಲಿ ಹಾಕಿ, ಬೇರೆಡೆ ಹೋಗದಂತೆ ಸ್ಕ್ರೀನ್ ಪಿನ್ ಮಾಡಲು ಹೇಳಿದೆ. ಹಾಡಿನ ವಿಡಿಯೊ ಬೇರೆ ಫೋನಿನಲ್ಲಿ, ಗೊತ್ತುಮಾಡಿದ ಹೊತ್ತಿಗೆ ಮಾತ್ರ. ಚಿತ್ರಗಳು ಮನೆಯವೇ ಇರಲಿ: ಅವನು ಕುಡಿಯುವ ಲೋಟ, ನಿಮ್ಮ ಬಾಗಿಲು. ಧ್ವನಿಯೂ ತಾಯಿಯದೇ. ಮೊದಲಿಗೆ ನಾಲ್ಕೇ ಮಾತು: ನೀರು, ಬೆಲ್ಲ, ಹೊರಗೆ, ಸಾಕು. ಈ 'ಸಾಕು' ಎಂಬುದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ. ಬೇಡವೆನ್ನಲು ದಾರಿಯಿಲ್ಲದ ಮಗು ಕಿರುಚುತ್ತದೆ, ಕೈ ಕಚ್ಚಿಕೊಳ್ಳುತ್ತದೆ.

"ಅವನ ಕೈ ಹಿಡಿದು ಒತ್ತಿಸಬೇಡಿ. ನೀರು ಕೊಡುವಾಗ ನೀವೇ ಒತ್ತಿ, ಬಾಯಲ್ಲೂ ಹೇಳಿ. ಅವನು ಒತ್ತದಿದ್ದರೂ ದಿನವೂ ಹೀಗೇ ಮಾಡಿ."

"ಇದಕ್ಕೇ ಒಗ್ಗಿಕೊಂಡು ಮಾತು ಬರದೇ ಹೋದರೆ?" ಎಂದು ತಾಯಿ ಕೇಳಿದರು. ಇಂಥ ಸಾಧನ ಮಾತನ್ನು ತಡೆಯುವುದಿಲ್ಲ, ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದ್ದೂ ಇದೆ ಎಂದು ಅಧ್ಯಯನಗಳು ತೋರಿಸಿವೆ. ಹಾಗೆಂದು ಮನುವಿಗೆ ಮಾತು ಬಂದೇ ಬರುತ್ತದೆ ಎಂಬ ಭರವಸೆಯನ್ನು ನಾನು ಕೊಡಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿದ್ದೆ. ಹಟ ಮಾಡಿದನೆಂದು ಆ ಫೋನನ್ನು ಕಿತ್ತಿಡಬಾರದು. ಅದು ಅವನ ನಾಲಿಗೆ. ಚಾರ್ಜ್ ಮುಗಿದಾಗಲೂ ಅವನು ಮೂಕನಾಗಬಾರದೆಂದು ಅದೇ ಚಿತ್ರಗಳ ಲ್ಯಾಮಿನೇಟ್ ಮಾಡಿದ ಹಾಳೆ ಚೀಲದಲ್ಲಿರಲಿ ಎಂದೆ.

ಐದು ವಾರದ ಮೇಲೆ ಬಂದರು. ಬೆಲ್ಲದ ಚಿತ್ರವೇ ಮೊದಲು ಎಂದುಕೊಂಡಿದ್ದೆ. ಅವನು ಮೊದಲು ಒತ್ತಿದ್ದು 'ಸಾಕು'. ಅಜ್ಜಿ ಇನ್ನೊಂದು ತುತ್ತು ಮುದ್ದೆ ಬಾಯಿಗಿಡಲು ಹೋದಾಗ. ಅಜ್ಜಿ ಕೈ ಹಿಂದೆಗೆದರು. ಅವನು ತಟ್ಟೆ ನೋಡಿ, ಅಜ್ಜಿಯ ಕೈ ನೋಡಿ, ಮತ್ತೊಮ್ಮೆ ಒತ್ತಿದನಂತೆ. ಇದನ್ನು ಹೇಳುತ್ತ ಅಜ್ಜಿಯೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಶಾಲೆಯದು ಇನ್ನೂ ಬಾಕಿ ಇದೆ. ತರಗತಿಗೆ ಫೋನು ತರಬಾರದೆಂದು ಹೇಳಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಮಾತಿಗೆ ಪೂರಕವಾದ ಸಂವಹನ ವಿಧಾನಗಳನ್ನು ಉತ್ತೇಜಿಸಲು ಹೇಳುತ್ತದೆ. ಅದನ್ನು ಉಲ್ಲೇಖಿಸಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದುಕೊಟ್ಟಿದ್ದೇನೆ. ಸೋಮವಾರ ತಾಯಿಯ ಜೊತೆ ನಾನೂ ಹೋಗುತ್ತಿದ್ದೇನೆ.