ಹನ್ನೊಂದು ವರ್ಷ ದುಡಿದರೂ ಕೈಯಲ್ಲಿ ಯಾಕೆ ಏನೂ ಉಳಿದಿಲ್ಲ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವಳು. ಹನ್ನೊಂದು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಈಗಿನದು ಮೂರನೇ ಕಂಪನಿ, ಸೇರಿ ನಾಲ್ಕು ವರ್ಷ ಆಯಿತು. ಹಿಂದೆ ಎರಡು ಸಲ ಕೆಲಸ ಬಿಟ್ಟು ಪಿಎಫ್ ತೆಗೆದೆ. ಒಂದು ಸಲದ್ದು ಅತ್ತೆಯ ಆಪರೇಷನ್‌ಗೆ ಹೋಯಿತು, ಇನ್ನೊಂದು ಮಗಳ ಫೀಸಿಗೆ. ಮನೆಯಲ್ಲಿ ಅತ್ತೆ, ಮಾವ, ಇಬ್ಬರು ಮಕ್ಕಳು. ಗಂಡನಿಗೆ ಕಬ್ಬು ಕಡಿಯುವ ಕೂಲಿ, ಅದೂ ಸೀಸನ್‌ನಲ್ಲಿ ಮಾತ್ರ. ಟಾರ್ಗೆಟ್ ಮುಗಿದಿಲ್ಲ ಅಂತ ಕಂಪನಿಯಲ್ಲಿ ದಿನಾ ಒಂದು ಗಂಟೆ ಜಾಸ್ತಿ ಕೂರಿಸುತ್ತಾರೆ, ಓಟಿ ಕೊಡುವುದಿಲ್ಲ. ಐದು ವರ್ಷ ತುಂಬುವ ಮೊದಲೇ ಬಿಟ್ಟು ಪಿಎಫ್ ತಗೋ ಅಂತ ಜೊತೆಯವರು ಹೇಳುತ್ತಾರೆ. "ಇಷ್ಟು ವರ್ಷ ದುಡಿದು ಏನು ಮಾಡಿದೆ, ನಿನಗೆ ದುಡ್ಡು ಉಳಿಸೋಕೆ ಬರಲ್ಲ" ಅನ್ನುತ್ತಾರೆ ಮನೆಯವರು. ತಪ್ಪು ನನ್ನದೇನಾ?

ಉತ್ತರ: ಅಲ್ಲಮ್ಮ, ತಪ್ಪು ನಿಮ್ಮದಲ್ಲ. ನಿಮ್ಮ ಕೈಗೆ ಬಂದೇ ಇಲ್ಲದ ದುಡ್ಡನ್ನು ನೀವು ಉಳಿಸಲಿಲ್ಲ ಅಂತ ಮನೆಯವರು ಅನ್ನುತ್ತಿದ್ದಾರೆ.

ಲೆಕ್ಕ ಹಾಕೋಣ. ನಿಮ್ಮ ಸಂಬಳ ತಿಂಗಳಿಗೆ 14,000 ಅಂತ ಇಟ್ಟುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ. ಗಂಟೆಗೆ 67 ರೂಪಾಯಿ ಚಿಲ್ಲರೆ ಆಯಿತು. ಓಟಿ ಅಂದರೆ ಎರಡು ಪಟ್ಟು, ಸುಮಾರು 134. ದಿನಕ್ಕೆ ಒಂದು ಗಂಟೆ ಅಂದರೂ ತಿಂಗಳಿಗೆ 3,500 ರೂಪಾಯಿ, ವರ್ಷಕ್ಕೆ 42,000. ನಿಮ್ಮ ಸಂಬಳದ ಕಾಲು ಭಾಗ! ಅತ್ತೆಯ ಆಪರೇಷನ್‌ಗೆ ಪಿಎಫ್ ಮುಟ್ಟಬೇಕಾಗಿ ಬಂದದ್ದು ಯಾಕೆ ಅಂತ ಈಗ ಮನೆಯವರಿಗೆ ಹೇಳಿ.

ಟಾರ್ಗೆಟ್ ಮುಗಿಯದಿದ್ದರೆ ಸುಮ್ನೆ ಕೂತು ಮುಗಿಸಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಪೀಸ್ ಎಷ್ಟಾದರೂ ಆಗಲಿ, ಗಂಟೆ ಗಂಟೆಯೇ. ಕೆಲವು ಕಡೆ ಕೆಲಸವಿಲ್ಲದ ದಿನ ಮನೆಗೆ ಕಳಿಸಿ, ಆಮೇಲೆ ಭಾನುವಾರ ಕರೆಸಿ 'ಸಿ-ಆಫ್', ಅಂದರೆ ಬದಲಿ ರಜೆ, ಅಂತ ಬರೆದುಕೊಳ್ಳುತ್ತಾರೆ. ಆ ಭಾನುವಾರಗಳನ್ನೂ ಲೆಕ್ಕ ಇಡಿ.

ಇನ್ನು ಸಂಬಳವೇ ಯಾಕೆ ಸಾಲುವುದಿಲ್ಲ ಅಂತ ನೋಡೋಣ. ಕನಿಷ್ಠ ವೇತನ ಹೇಗೆ ಲೆಕ್ಕ ಹಾಕಬೇಕು ಅಂತ 1957ರ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ತೀರ್ಮಾನವಾಯಿತು. ದುಡಿಯುವವರು ಒಬ್ಬರು, ಮನೆಯಲ್ಲಿ ಉಣ್ಣುವ ಪಾಲು ಮೂರು. ಗಂಡಸಿಗೆ 1, ಹೆಂಡತಿಗೆ 0.8, ಇಬ್ಬರು ಮಕ್ಕಳಿಗೆ 0.6ರಂತೆ ಅಂತ ಈ ಮೂರನ್ನು ಬಿಡಿಸುತ್ತಾರೆ. ದಿನಾ ಎಂಟೊಂಬತ್ತು ಗಂಟೆ ಮಷೀನ್ ತುಳಿಯುವ ಹೆಂಗಸು ಆ ಲೆಕ್ಕದಲ್ಲಿ ಪೂರ್ತಿ ಒಬ್ಬಳಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಿಮ್ಮ ಅತ್ತೆ, ಮಾವನಂತೂ ಅದರಲ್ಲಿ ಇಲ್ಲವೇ ಇಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಓದು, ಆಸ್ಪತ್ರೆ, ಮುಪ್ಪಿನ ಕಾಲಕ್ಕೆ ಅಂತ ಇನ್ನೂ 25 ಶೇಕಡಾ ಸೇರಿಸಬೇಕು ಅಂತ ಹೇಳಿತು. ಅದನ್ನೆಲ್ಲ ಸರಿಯಾಗಿ ಸೇರಿಸಿದ ಸಂಬಳ ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕೈಗೆ ಇವತ್ತಿಗೂ ಬಂದಿಲ್ಲ.

ಇದರ ಜೊತೆಗೆ ವಲಯದ ಲೆಕ್ಕ ಬೇರೆ. ಬಹಳ ವರ್ಷಗಳಿಂದ ಕನಿಷ್ಠ ವೇತನ ಬೆಂಗಳೂರಿಗೆ ಜಾಸ್ತಿ, ಮದ್ದೂರಿನಂಥ ಊರುಗಳಿಗೆ ಕಡಿಮೆ. ಶರ್ಟು ಅದೇ, ಕೊಳ್ಳುವ ವಿದೇಶಿ ಕಂಪನಿಯೂ ಅದೇ ಇರಬಹುದು. ಹೊಲಿಯುವವರ ಕೂಲಿ ಮಾತ್ರ ಇಳಿಯುತ್ತದೆ. ಕಾರ್ಖಾನೆಗಳು ಹೆದ್ದಾರಿಗುಂಟ ಮಂಡ್ಯದ ಕಡೆ ಬಂದದ್ದಕ್ಕೆ ಇದೂ ಒಂದು ಕಾರಣ.

ಈಗ ಮುಖ್ಯ ವಿಷಯ. ದಯವಿಟ್ಟು ಐದು ವರ್ಷ ತುಂಬುವ ಮೊದಲು ಕೆಲಸ ಬಿಡಬೇಡಿ. ಒಂದೇ ಕಂಪನಿಯಲ್ಲಿ ಐದು ವರ್ಷ ಮುಗಿಸಿದರೆ ಗ್ರಾಚ್ಯುಟಿ ಬರುತ್ತದೆ. ವರ್ಷಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನ ಅಂತ ಹಿಡಿದು. ನಮ್ಮ 14,000ದ ಲೆಕ್ಕದಲ್ಲಿ ಐದು ವರ್ಷಕ್ಕೆ 40,000 ದಾಟುತ್ತದೆ. ಇದು ಪೂರ್ತಿ ಕಂಪನಿ ಕೊಡಬೇಕಾದ ದುಡ್ಡು, ನಿಮ್ಮ ಸಂಬಳದಿಂದ ಹಿಡಿಯುವಂತಿಲ್ಲ. ನಾಲ್ಕು ವರ್ಷಕ್ಕೆ ನೀವೇ ರಾಜೀನಾಮೆ ಬರೆದುಕೊಟ್ಟರೆ ಅದನ್ನು ಕೇಳಲು ಕಷ್ಟ.

ಪಿಎಫ್ ವಿಷಯಕ್ಕೂ ಇದೇ ಮಾತು. ನಿಮ್ಮಿಂದ 12 ಶೇಕಡಾ ಹಿಡಿಯುತ್ತಾರೆ, ಕಂಪನಿಯೂ 12 ಹಾಕುತ್ತದೆ. ಕಂಪನಿಯ ಪಾಲಿನಲ್ಲಿ 8.33 ಪಿಂಚಣಿ ಖಾತೆಗೆ ಹೋಗುತ್ತದೆ. ಒಟ್ಟು ಹತ್ತು ವರ್ಷದ ಸೇವೆ ಇದ್ದರೆ 58ಕ್ಕೆ ಪಿಂಚಣಿ. ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಿ. 14,000ಕ್ಕೆ 15 ವರ್ಷ ಇದ್ದರೆ ತಿಂಗಳಿಗೆ 3,000. ದೊಡ್ಡ ಮೊತ್ತ ಅಲ್ಲ, ಆದರೆ ಸಾಯುವವರೆಗೂ ಬರುತ್ತದೆ.

ಹಿಂದಿನ ಎರಡು ಸಲ ನೀವು ಯಾವ ಫಾರ್ಮ್ ಹಾಕಿದ್ದಿರಿ ಅಂತ ನೋಡಿ. ಫಾರ್ಮ್ 19 ಮಾತ್ರ ಆಗಿದ್ದರೆ ಪಿಎಫ್ ದುಡ್ಡು ಹೋಗಿದೆ, ಪಿಂಚಣಿಯ ವರ್ಷಗಳು ಉಳಿದಿರಬಹುದು. ಫಾರ್ಮ್ 10ಸಿ ಹಾಕಿ ಅದರ ದುಡ್ಡನ್ನೂ ಪಡೆದಿದ್ದರೆ ಆ ವರ್ಷಗಳು ಲೆಕ್ಕದಿಂದ ಹೋದವು. ಇನ್ನು ಮುಂದೆ ಕಂಪನಿ ಬದಲಾದರೂ ಅದೇ ಯುಎಎನ್ ನಂಬರಿಗೆ (ನಿಮ್ಮ ಪಿಎಫ್‌ನ ಕಾಯಂ ನಂಬರ್) ವರ್ಗ ಮಾಡಿಸಿ. ಕಾಯಿಲೆ, ಓದು, ಮದುವೆಯಂಥ ಖರ್ಚಿಗೆ ಕೆಲಸ ಬಿಡದೆಯೇ ಫಾರ್ಮ್ 31ರಲ್ಲಿ ಮುಂಗಡ ಸಿಗುತ್ತದೆ.

ಇನ್ನೊಂದು ಒಳ್ಳೆಯ ಸುದ್ದಿ ಇದೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹೆಣ್ಣುಮಕ್ಕಳನ್ನೇ ನಂಬಿಕೊಂಡಿರುವ ಅತ್ತೆ, ಮಾವನನ್ನೂ ಅದರಲ್ಲಿ 'ಕುಟುಂಬ' ಅಂತ ಸೇರಿಸಿದ್ದಾರೆ, ಅವರ ಆದಾಯಕ್ಕೆ ಒಂದು ಮಿತಿ ಹಾಕಿ. ಇಎಸ್‌ಐ ಕಾರ್ಡಿನಲ್ಲಿ ಅವರ ಹೆಸರು ಸೇರಿಸಲು ಅರ್ಜಿ ಕೊಡಿ.

ಓಟಿ ಬಾಕಿಗೆ ಇವತ್ತಿಂದಲೇ ಒಂದು ನೋಟ್‌ಬುಕ್ ಇಡಿ. ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ, ಬ್ಯಾಚ್ ನಂಬರ್, ವ್ಯಾನ್ ಹೊರಟ ಸಮಯ ಬರೆಯಿರಿ. ಪೇ ಸ್ಲಿಪ್ ಬಿಸಾಡಬೇಡಿ. ಕನಿಷ್ಠ ವೇತನದ ದೂರಿಗೆ ಮೊದಲು 6 ತಿಂಗಳ ಗಡುವಿತ್ತು, ಹೊಸ ಸಂಹಿತೆಯಲ್ಲಿ ಅದು 3 ವರ್ಷ. ಸಂಬಳ ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆ ಕಂಪನಿಯದು. ದೂರು ಕೊಡಲು ಒಬ್ಬರೇ ಹೋಗಬೇಡಿ, ಇಡೀ ಬ್ಯಾಚ್ ಸೇರಿ ಹೋಗಿ. 2020ರಲ್ಲಿ ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ಸ್ ಸಾವಿರಕ್ಕೂ ಜಾಸ್ತಿ ಜನರನ್ನು ಲೇ-ಆಫ್ ಮಾಡಿದಾಗ, ಕಾರ್ಮಿಕರು ವಾರಗಟ್ಟಲೆ ಧರಣಿ ಕೂತರು. ಅಂಥ ಹೆಂಗಸರು ನಿಮ್ಮ ಜಿಲ್ಲೆಯಲ್ಲೇ ಇದ್ದಾರೆ, ಹುಡುಕಿ ಮಾತಾಡಿಸಿ. ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೂ ಕಾರ್ಖಾನೆ ಕಾರ್ಮಿಕರಿಗೂ ಆದಾಯ ಕೇಳದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮೈಸೂರಿನ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಪಕ್ಕದ ಮಷೀನಿನ ಕಾಯಂ ನೌಕರರು ಮಾಡುವ ಕೆಲಸವನ್ನೇ ಮಾಡುತ್ತೇನೆ. ಸಂಬಳ ಅವರ ಅರ್ಧವೂ ಇಲ್ಲ. ಇದು ಸರಿಯಾ?

ಉತ್ತರ: ಸರಿಯಲ್ಲ. ಒಂದೇ ಥರದ ಕೆಲಸಕ್ಕೆ ಒಂದೇ ಸಂಬಳ ಅನ್ನುವುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ನಿಯಮಗಳಲ್ಲೇ ಲೈಸೆನ್ಸಿನ ಷರತ್ತಾಗಿ ಇತ್ತು. ಸರ್ಕಾರಿ ಹಂಗಾಮಿ ನೌಕರರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಇದನ್ನೇ ಎತ್ತಿಹಿಡಿಯಿತು. ಕಾಗದದಲ್ಲಿ 'ಹೆಲ್ಪರ್' ಅಂತ ಬರೆದು ಆಪರೇಟರ್ ಕೆಲಸ ಮಾಡಿಸುವುದೇ ಇಲ್ಲಿ ದೊಡ್ಡ ತೊಡಕು. ಹಾಗಾಗಿ ನಿಮಗೆ ಯಾವ ಮಷೀನು, ಯಾವ ಶಿಫ್ಟು ಅಂತ ತೋರಿಸುವ ದಾಖಲೆ ಇಟ್ಟುಕೊಳ್ಳಿ. ನೇಮಕಾತಿ ಪತ್ರ ಕೇಳಿ, ಈಗ ಅದು ಕಡ್ಡಾಯ. ಗುತ್ತಿಗೆದಾರ ಸಂಬಳ ಕೊಡದೆ ಕೈಯೆತ್ತಿದರೆ ಮುಖ್ಯ ಕಂಪನಿಯೇ ಕೊಡಬೇಕು.

ಪ್ರಶ್ನೆ: ಮಂಡ್ಯದ ಹತ್ತಿರದ ಹಳ್ಳಿ ನಮ್ಮದು. ಸಂಘದ ಸಾಲ ನಾಲ್ಕು ಕಡೆ ಇದೆ. ಕಂತು ತಪ್ಪಿದರೆ ರಾತ್ರಿ ಎಂಟಕ್ಕೆ ಬಂದು ಬಾಗಿಲಲ್ಲಿ ಕೂರುತ್ತಾರೆ. ಮರ್ಯಾದೆ ಹೋಗುತ್ತಿದೆ.

ಉತ್ತರ: ರಾತ್ರಿ ಎಂಟಕ್ಕೆ ಬರುವ ಹಕ್ಕು ಅವರಿಗಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್‌ನವರು, ಅಂದರೆ ಇಂಥ ಸಣ್ಣ ಸಾಲ ಕೊಡುವ ಕಂಪನಿಯವರು, ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಕಂತು ಕಟ್ಟುವ ಜಾಗಕ್ಕೆ ನೀವು ಸತತ ಎರಡು ಸಲ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಎಲ್ಲಾ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಮೀರುತ್ತದೆ ಅಂತ ಗೊತ್ತಿದ್ದೂ ನಾಲ್ಕನೇ ಸಾಲ ಕೊಟ್ಟವರದೂ ತಪ್ಪೇ. ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಬರೆಯಿರಿ, ಖರ್ಚಿಲ್ಲ. ನೋಂದಣಿಯೇ ಇಲ್ಲದವರು ಬೆದರಿಸಿದರೆ ನೇರ ಪೊಲೀಸ್ ಠಾಣೆಗೆ ಹೋಗಿ. 2025ರಲ್ಲಿ ರಾಜ್ಯ ಸರ್ಕಾರ ತಂದ ಕಾನೂನಿನಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಇದೆ, ಪೊಲೀಸರು ಕೇಸು ತೆಗೆದುಕೊಳ್ಳಲ್ಲ ಅನ್ನುವಂತಿಲ್ಲ. ಹೋಗುವಾಗ ನಾಲ್ಕೂ ಸಾಲದ ಪಾಸ್‌ಬುಕ್, ಕಟ್ಟಿದ ಕಂತಿನ ರಸೀದಿ, ಅವರು ಮನೆಗೆ ಬಂದ ದಿನ ಮತ್ತು ಸಮಯ ಬರೆದ ಚೀಟಿ ಜೊತೆಗಿರಲಿ.