ರೋಬೋ ಬಂತು, ಇನ್ನು ನಾನೆಲ್ಲಿಗೆ?

ಪ್ರಶ್ನೆ: ಸಾರ್, ನಾನು ಗುಬ್ಬಿ ಕಡೆಯವನು. ಐಟಿಐ ಟರ್ನರ್ ಮುಗಿಸಿ ಪೀಣ್ಯಕ್ಕೆ ಬಂದು ಒಂಬತ್ತು ವರ್ಷ. ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮೆಷಿನ್) ಆಪರೇಟರ್. ಹೋದ ತಿಂಗಳು ನಮ್ಮ ಲೈನಿಗೆ ರೋಬೋ ಕೂರಿಸಿದರು. ನಾಲ್ಕು ಮೆಷಿನ್ನಿಗೆ ನಾಲ್ಕು ಜನ ಇದ್ದೆವು, ಈಗ ಇಬ್ಬರು. ನನ್ನನ್ನು ಉಳಿಸಿಕೊಂಡಿದ್ದಾರೆ, ಎಷ್ಟು ದಿನವೋ. ಮಾವನವರು ಊರಿಗೆ ಬಂದು ತೋಟ ನೋಡಿಕೋ ಅಂತಾರೆ. ಸ್ನೇಹಿತ, ಬೈಕ್ ಇದೆಯಲ್ಲ, ಡೆಲಿವರಿಗೆ ಬಾ ಅಂತಾನೆ. ಮಗಳು ಈ ವರ್ಷ ಒಂದನೇ ಕ್ಲಾಸು. ಮೆಷಿನ್ ಕೆಲಸಕ್ಕೆ ಇನ್ನು ಭವಿಷ್ಯ ಇದೆಯಾ?
– ಹೆಸರು ಬೇಡ, ಪೀಣ್ಯ ಎರಡನೇ ಹಂತ

ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ. ನನಗೆ ಬೇಕಾದ ಒಂದು ವಿಷಯ ಅದರಲ್ಲಿಲ್ಲ. ಬೆಳಗಿನ ಶಿಫ್ಟಿನ ಮೊದಲ ಪೀಸು ಹದಿನೈದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದೊಡ್ಡದಾಗಿ ಬಂತು ಅಂದುಕೊಳ್ಳಿ. ಆಫ್‌ಸೆಟ್ (ಟೂಲಿನ ಸ್ಥಾನಕ್ಕೆ ಮೆಷಿನ್ನಿನಲ್ಲಿ ಕೊಡುವ ಲೆಕ್ಕ) ನೀವೇ ತಿದ್ದುತ್ತೀರೋ, ಮೆಷಿನ್ ಹೊಂದಿಸಿಕೊಡುವ ಸೆಟ್ಟರನ್ನು ಕೂಗುತ್ತೀರೋ?

ಕೂಗುವುದಾದರೆ ನಿಮ್ಮ ಮಾವನವರ ಭಯ ಸುಳ್ಳಲ್ಲ. ಜಾಬ್ (ಕಡೆಯಬೇಕಾದ ಲೋಹದ ತುಂಡು) ಇಡು, ಬಾಗಿಲು ಮುಚ್ಚು, ಹಸಿರು ಗುಂಡಿ ಒತ್ತು, ತೆಗೆ, ಗಾಳಿ ಹೊಡಿ, ಟ್ರೇಗೆ ಹಾಕು. ಇಷ್ಟನ್ನು ರೋಬೋ ಮಾಡುತ್ತದೆ, ಅದೂ ಊಟಕ್ಕೆ ಏಳದೆ, ಹಬ್ಬಕ್ಕೆ ಊರಿಗೆ ಹೋಗದೆ. ಒಂದೇ ಜಾಬು ತಿಂಗಳುಗಟ್ಟಲೆ ಓಡುವ ಕಡೆ ಈ ಕೆಲಸಕ್ಕೆ ಜನ ಕಡಿಮೆಯಾಗುತ್ತಲೇ ಹೋಗುತ್ತಾರೆ. ಅದರಲ್ಲೂ ನಿಮ್ಮ ಲೈನು ಪಿಸ್ಟನ್ನು, ಕನೆಕ್ಟಿಂಗ್ ರಾಡು, ವಾಲ್ವು, ಕ್ಯಾಮ್‌ಶಾಫ್ಟು ಮಾಡುವಂಥದ್ದಾದರೆ ಇನ್ನೂ ಯೋಚಿಸಬೇಕು. ಬ್ಯಾಟರಿ ಗಾಡಿಯಲ್ಲಿ ಇವು ಯಾವುವೂ ಇಲ್ಲ. ಮೋಟಾರಿನ ಶಾಫ್ಟು, ಗೇರು, ಬೇರಿಂಗ್ ಕೂರುವ ಹೌಸಿಂಗು ಅಲ್ಲೂ ಬೇಕು.

ನೀವೇ ತಿದ್ದುವುದಾದರೆ ಲೆಕ್ಕ ಬೇರೆ.

ನನ್ನದೇ ಹೇಳುತ್ತೇನೆ. 1984ರಲ್ಲಿ ನಾನು ಕೆಲಸ ಕಲಿತದ್ದು ಎಚ್‌ಎಂಟಿ ಎನ್‌ಎಚ್-26 ಲೇತಿನ ಮೇಲೆ. ಆ ಲೇತಿನ ಯಜಮಾನರು ಒಬ್ಬರಿದ್ದರು, ನಾವೆಲ್ಲ ಮೇಸ್ತ್ರಿ ಅನ್ನುತ್ತಿದ್ದೆವು. ಟೂಲ್ ಕೊಯ್ಯುವ ಸದ್ದು ಕೇಳಿಯೇ ಅದರ ಹರಿತ ಹೋಯಿತು ಅನ್ನುವವರು. 1991ರಲ್ಲಿ ನಮ್ಮ ಶೆಡ್ಡಿಗೆ ಮೊದಲ ಸಿಎನ್‌ಸಿ ಬಂದಾಗ ಮೇಸ್ತ್ರಿ ಅದರ ಹತ್ತಿರಕ್ಕೂ ಸುಳಿಯಲಿಲ್ಲ. 'ಟಿವಿ ನೋಡಿಕೊಂಡು ಟರ್ನಿಂಗ್ ಮಾಡೋದಾ?' ಅಂದರು. ನಾನು ಸಣ್ಣವನು, ಹುಚ್ಚು ಉತ್ಸಾಹ. ಮೆಷಿನ್ನಿಗೆ ಆಜ್ಞೆ ಕೊಡುವ ಜಿ-ಕೋಡುಗಳನ್ನು ಹಳೆಯ ಡೈರಿಯಲ್ಲಿ ಬರೆದಿಟ್ಟುಕೊಂಡು ಬಸ್ಸಿನಲ್ಲಿ ಬಾಯಿಪಾಠ ಮಾಡಿದೆ. ಮೂರನೇ ವಾರ ಪ್ರೋಗ್ರಾಂ ಬರೆಯಲು ಬಿಟ್ಟರು. ಟೂಲನ್ನು ಜಾಬಿನಿಂದ ನೂರು ಮಿಲಿಮೀಟರು ಹಿಂದಕ್ಕೆ ಒಯ್ಯಬೇಕಿತ್ತು. 'ಝಡ್ 100' ಎಂದು ಬರೆದು ಕೊನೆಗೆ ದಶಮಾಂಶದ ಚುಕ್ಕಿ ಇಡುವುದು ಮರೆತೆ. ಆ ಕಂಟ್ರೋಲಿನಲ್ಲಿ ಚುಕ್ಕಿ ಇಲ್ಲದ ನೂರು ಎಂದರೆ ನೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಟೂಲು ಜಾಬಿನ ಮೂತಿಯ ಹತ್ತಿರವೇ ನಿಂತಿತು. ಅಲ್ಲೇ ಟೂಲುಗಳನ್ನು ಹಿಡಿದ ಟರೆಟ್ ತಿರುಗಿತು. ಬೋರಿಂಗ್ ಬಾರು ಜಾಬ್ ಹಿಡಿಯುವ ಚಕ್ಕಿಗೆ ಬಡಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಶೆಡ್ಡಿನಲ್ಲಿ ಎಲ್ಲ ಲೇತುಗಳೂ ನಿಂತವು. ಮೇಸ್ತ್ರಿ ಬಂದು ನೋಡಿ ಏನೂ ಅನ್ನದೆ ಟೀ ತರಿಸಿಕೊಟ್ಟರು.

ಆಮೇಲೆ ಟರೆಟ್ಟಿನ ನೇರ ಸರಿಮಾಡಿದವರು ಯಾರು ಗೊತ್ತೇ? ಅದೇ ಮೇಸ್ತ್ರಿ. ಡಯಲ್ ಇಟ್ಟು, ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಎರಡು ದಿನ. ಕಂಪ್ಯೂಟರ್ ಓದಲು ಬಾರದವರು ಕಂಪ್ಯೂಟರ್ ಯಂತ್ರವನ್ನು ಎಬ್ಬಿಸಿ ನಿಲ್ಲಿಸಿದರು. ಹಾಗಂತ ಅವರ ಸಂಬಳ ಮುಂದೆ ಏರಲಿಲ್ಲ. ರಿಪೇರಿ ಜಾಬ್ ಮಾಡಿಕೊಂಡೇ ನಿವೃತ್ತರಾದರು. ನನ್ನದು ಏರಿತು. ಅವರಿಗಿಂತ ನಾನು ಒಳ್ಳೆಯ ಕೆಲಸಗಾರ ಆಗಿದ್ದೆ ಎಂದೇನಲ್ಲ. ಅವರ ಕೈಯ ಲೆಕ್ಕವೂ ನನ್ನ ಡೈರಿಯ ಲೆಕ್ಕವೂ ಒಬ್ಬನಲ್ಲೇ ಸೇರಿದ್ದವು, ಅಷ್ಟೆ.

ಈಗ ನಿಮ್ಮ ರೋಬೋಗೆ ಬರೋಣ. ತೆಳು ಬುಷ್ (ಕೊಳವೆಯಂಥ ಬಿಡಿಭಾಗ) ಒಂದನ್ನು ಚಕ್ಕಿಗೆ ಕೊಡುವುದು ಅದಕ್ಕೆ ಗೊತ್ತು. 25 ಎಂಎಂ ಬೋರು (ನಡುವಿನ ತೂತು), ಎಚ್7 ಎಂಬ ಅಳತೆಯ ದರ್ಜೆ ಅಂದರೆ ನಮಗೆ ಸಿಗುವ ಜಾಗ ಒಟ್ಟು 21 ಮೈಕ್ರಾನ್. ಚಕ್ಕಿನ ಮೂರು ಜಾ (ಹಿಡಿಕೆಗಳು) ಹಿಡಿದಿರುವಾಗ ಅಳೆದರೆ ಬೋರು ಗುಂಡಗೇ ಇರುತ್ತದೆ, ಬಿಡಿಸಿದ ಕೂಡಲೇ ಮೂರು ಮೂಲೆಯಾಗುತ್ತದೆ. ಚಕ್ ಪ್ರೆಶರ್ ಎಷ್ಟು ಇಳಿಸಬೇಕು, ಸಾಫ್ಟ್ ಜಾವನ್ನು ಯಾವ ವ್ಯಾಸಕ್ಕೆ ಬೋರ್ ಮಾಡಿಕೊಳ್ಳಬೇಕು, ಫಿನಿಶ್ ಕಟ್‌ಗೆ ಎಷ್ಟು ಬಿಡಬೇಕು – ಇದನ್ನು ಒಬ್ಬ ಮನುಷ್ಯ ನಿಂತು ಹೇಳಬೇಕು. ರಾತ್ರಿಯೆಲ್ಲ ನಿಂತ ಮೆಷಿನ್ನು ಬೆಳಗ್ಗೆ ಬಿಸಿಯಾಗುವವರೆಗೆ ಸೈಜು ಜಾರುತ್ತಲೇ ಇರುತ್ತದೆ. ಹೊಸ ಲಾಟಿನ ಕಾಸ್ಟಿಂಗ್ ಹಳೆಯದಕ್ಕಿಂತ ಗಟ್ಟಿ ಇದ್ದರೆ ಇನ್ನೂರು ಪೀಸು ಬಾಳುತ್ತಿದ್ದ ಇನ್ಸರ್ಟು (ಟೂಲಿನ ತುದಿಯ ಕೊಯ್ಯುವ ಬಿಲ್ಲೆ) ಎಂಬತ್ತಕ್ಕೇ ಚೂರಾಗುತ್ತದೆ. ಯಾರೂ ನೋಡದಿದ್ದರೆ ರೋಬೋ ನಿಷ್ಠೆಯಿಂದ ರಾತ್ರಿಯಿಡೀ ರಿಜೆಕ್ಷನ್ ಮಾಡಿ ಟ್ರೇಯಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತದೆ. ಅಳತೆ ಮಾಡಿ ತಾನೇ ತಿದ್ದಿಕೊಳ್ಳುವ ಮೆಷಿನ್ನುಗಳೂ ಇವೆ. ಆದರೆ ಎಷ್ಟು ತಿದ್ದಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅದಕ್ಕೂ ಯಾರೋ ಮೊದಲೇ ಹೇಳಿರಬೇಕು.

ಆದ್ದರಿಂದ ನನ್ನ ಸಲಹೆ: ತೋಟಕ್ಕೂ ಡೆಲಿವರಿಗೂ ಒಂದು ವರ್ಷ ರಜೆ ಹೇಳಿ. ರೋಬೋ ಸರ್ವಿಸಿಗೆ ಎಂಜಿನಿಯರ್ ಬಂದಾಗಲೆಲ್ಲ ಪಕ್ಕದಲ್ಲಿ ನಿಲ್ಲಿ. ಗ್ರಿಪ್ಪರ್ ಬದಲಿಸುವುದು, ಪಾಯಿಂಟ್ ಟೀಚ್ ಮಾಡುವುದು (ಎಲ್ಲಿಗೆ ಕೈ ಚಾಚಬೇಕೆಂದು ಕಲಿಸುವುದು), ಅಲಾರಂ ಬಂದರೆ ಮತ್ತೆ ಹೋಮಿಗೆ, ಅಂದರೆ ಶುರುವಿನ ಜಾಗಕ್ಕೆ, ತರುವುದು – ಇಷ್ಟು ಕಲಿತರೂ ಆ ಲೈನಿನಲ್ಲಿ ಕೊನೆಗೆ ಉಳಿಯುವ ಒಬ್ಬ ನೀವಾಗಬಹುದು. ಫಸ್ಟ್ ಪೀಸನ್ನು ಸೆಟ್ಟರ್ ಅಳೆಯುವ ಮೊದಲೇ ನೀವು ಅಳೆದು, ಎಷ್ಟು ಆಫ್‌ಸೆಟ್ ಕೊಡುತ್ತೀರಿ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ಅವರು ಕೊಟ್ಟದ್ದನ್ನು ನೋಡಿ. ಮೂರು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ. ಸೈನು, ಟ್ಯಾನು ಮರೆತಿದ್ದರೆ ಹತ್ತನೇ ಕ್ಲಾಸಿನ ಪುಸ್ತಕ ತಗೊಳ್ಳಿ, ನಾಚಿಕೆ ಬೇಡ. ಟೇಪರ್ (ಓರೆಯಾಗಿ ಕಡೆಯುವ ಕೆಲಸ) ಬಂದಾಗ ಸೆಟ್ಟರ್ ಮುಖ ನೋಡುವವನು ಸೆಟ್ಟರ್ ಆಗುವುದಿಲ್ಲ.

ನಿಮ್ಮ ಕಂಪನಿ ಕಲಿಯಲು ಬಿಡದೇ ಹೋಗಬಹುದು. ಪ್ರೋಗ್ರಾಮಿಗೆ ಪಾಸ್‌ವರ್ಡು, ಸೆಟ್ಟರಿಗೆ ತನ್ನ ಕುರ್ಚಿಯ ಚಿಂತೆ. ಇದು ಪೀಣ್ಯದ ಹಳೇ ಕಾಯಿಲೆ. ಹಾಗಾದರೆ ಸಂಬಳ ಸ್ವಲ್ಪ ಕಡಿಮೆಯಾದರೂ ಸಣ್ಣ ಜಾಬ್‌ವರ್ಕ್ ಶೆಡ್ಡಿಗೆ ಹೋಗಿ. ಮನೆಯಲ್ಲಿ ಇದಕ್ಕೆ ಒಪ್ಪುವುದಿಲ್ಲ, ಗೊತ್ತು. ಆದರೆ ಅಲ್ಲಿ ಬೆಳಗ್ಗೆ ಐವತ್ತು ಫ್ಲಾಂಜು, ಮಧ್ಯಾಹ್ನ ಮೂವತ್ತು ಬುಷ್ಷು. ದಿನಕ್ಕೆ ಎರಡು ಸಲ ಸೆಟಪ್ ಬದಲಾಗುತ್ತದೆ, ಓನರಿಗೂ ಸೆಟ್ಟರ್ ಇಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ, ನಿಮ್ಮ ಕೈಗೇ ಬೀಳುತ್ತದೆ. ಇಂಥ ಸಣ್ಣ ಬ್ಯಾಚಿಗೆ ರೋಬೋ ಕೂರಿಸಿದರೆ ಬೇಗ ಗಿಟ್ಟುವುದೂ ಇಲ್ಲ. ಎರಡು ವರ್ಷ ಅಲ್ಲಿ ಪಳಗಿದವನನ್ನು ದೇವನಹಳ್ಳಿ ಕಡೆಯ, ಬೆಳಗಾವಿ ಕಡೆಯ ವಿಮಾನದ ಬಿಡಿಭಾಗದ ಕಂಪನಿಗಳು ಕರೆದು ಮಾತಾಡಿಸುತ್ತವೆ. ಟೈಟಾನಿಯಂ ಕೊಯ್ಯಲು ಸಾವಧಾನ ಬೇಕು, ಒಂದು ಪೀಸು ಕೆಟ್ಟರೆ ಸಾವಿರಗಟ್ಟಲೆ ಹೋಯಿತು.

ಬಿಡುವಿದ್ದರೆ ರಾಜಾಜಿನಗರದ ಜಿಟಿಟಿಸಿಗೆ ಒಮ್ಮೆ ಹೋಗಿ ವಿಚಾರಿಸಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದ ಸರ್ಕಾರಿ ಟೂಲ್ ರೂಂ ಅದು. ಪ್ರೋಗ್ರಾಮಿಂಗ್, ಕ್ಯಾಮ್ (ಪ್ರೋಗ್ರಾಂ ಬರೆದುಕೊಡುವ ಸಾಫ್ಟ್‌ವೇರ್) ತರಬೇತಿ ಕೊಡುತ್ತಾರೆ. ಸರ್ಟಿಫಿಕೇಟ್ ಸಿಗುತ್ತದೆ ಅಂತಲ್ಲ, ಮೆಷಿನ್ ಮುಟ್ಟಲು ಬಿಡುತ್ತಾರೆ ಅಂತ ಹೇಳುತ್ತಿದ್ದೇನೆ.

ಪ್ರಶ್ನೆ: ಈಗ ಎಐ ತಾನೇ ಜಿ-ಕೋಡ್ ಬರೆಯುತ್ತದಂತೆ. ಪ್ರೋಗ್ರಾಮಿಂಗ್ ಕಲಿಯುವುದು ದಂಡ ಅಲ್ಲವೇ?
– ಡಿಪ್ಲೊಮಾ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಜಿ-ಕೋಡನ್ನು ಕ್ಯಾಮ್ ಸಾಫ್ಟ್‌ವೇರ್ ಬರೆದುಕೊಡಲು ಶುರುಮಾಡಿ ಎಷ್ಟೋ ವರ್ಷ ಆಯಿತಲ್ಲಪ್ಪ. ಬರೆಯುವುದಕ್ಕಲ್ಲ, ಓದುವುದಕ್ಕೆ ಕಲಿಯಿರಿ. ಕ್ಲ್ಯಾಂಪನ್ನು ಎಲ್ಲಿ ಕಚ್ಚಿಸಿದ್ದೀರಿ ಎಂದು ನೀವು ಹೇಳದಿದ್ದರೆ ಸಾಫ್ಟ್‌ವೇರಿಗೆ ಗೊತ್ತಿರುವುದಿಲ್ಲ. ಆ ಚುಕ್ಕಿಯ ಕಥೆ ಮೇಲೆ ಹೇಳಿದೆ.

ಪ್ರಶ್ನೆ: ಮಗ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಾನೆ. ಐಟಿಐ ಮೆಷಿನಿಸ್ಟ್ ಟ್ರೇಡೇ ಬೇಕು ಅಂತ ಹಟ. ಎರಡು ವರ್ಷ ಹಾಳಾದೀತೇ ಅಂತ ನನಗೆ ಭಯ. ಸೇರಿಸಲೇ?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಹಟ ಇದ್ದರೆ ಸೇರಿಸಿ ತಾಯಿ. ಆದರೆ ಅರ್ಜಿ ಹಾಕುವ ಮುಂಚೆ ಕೆಲಸದ ದಿನ ನೋಡಿಕೊಂಡು ಆ ಐಟಿಐಗೆ ಅವನ ಜೊತೆ ನೀವೇ ಹೋಗಿ. ಕಟ್ಟಡ, ಬೋರ್ಡು ನೋಡಬೇಡಿ, ನೇರ ವರ್ಕ್‌ಶಾಪಿಗೆ ನಡೆಯಿರಿ. ಮೆಷಿನ್ ಮೇಲೆ ಪ್ಲಾಸ್ಟಿಕ್ ಹೊದಿಸಿ ಹೂವಿನ ಹಾರ ಒಣಗುತ್ತಿದ್ದರೆ ಅದು ಆಯುಧಪೂಜೆಯಿಂದ ಓಡಿಲ್ಲ ಅಂತ ಅರ್ಥ. ಬೇರೆ ಐಟಿಐ ನೋಡಿ. ಒಳಗೆ ಕಾಲಿಟ್ಟ ಕೂಡಲೇ ಕೂಲಂಟಿನ ವಾಸನೆ ಮೂಗಿಗೆ ಬಡಿದು, ನಿಮ್ಮ ಸೀರೆಗೆ ಎಲ್ಲಿ ಎಣ್ಣೆ ಅಂಟುತ್ತದೋ ಅನ್ನಿಸಿದರೆ ಅವತ್ತೇ ಅರ್ಜಿ ಕೊಟ್ಟು ಬನ್ನಿ.