ನೆಟ್‌ಹ್ಯಾಕ್‌ನಲ್ಲಿ ಎಲ್ಲ ಮಾನ್‌ಸ್ಟರ್ ಜಾತಿಗಳನ್ನೂ ಅಳಿಸಿಹಾಕಬಹುದಾ? ಜೆನೊಸೈಡ್ ಸ್ಕ್ರೋಲ್ ಸಾಕಾ?

ಸ್ಕ್ರೋಲ್ ಸಾಕಾಗುವುದಿಲ್ಲ. ನಿಮಗೆ ಬೇಕಾದ ಕೆಲಸಕ್ಕೆ ಅದನ್ನು ಉಲ್ಟಾ ಬಳಸಬೇಕು.

ನೆಟ್‌ಹ್ಯಾಕ್ 1987ರ ಕಂಪ್ಯೂಟರ್ ಆಟ. ಮಾನ್‌ಸ್ಟರ್‌ಗಳನ್ನು ಹೊಡೆಯುತ್ತಾ ನೆಲದಡಿಯ ಮಹಡಿಗಳಲ್ಲಿ ಇಳಿಯುತ್ತಾ ಹೋಗುವುದು. ಅದರಲ್ಲಿ ಒಂದು ಜಾತಿ ಇಲ್ಲವಾಗಲು ಎರಡು ದಾರಿ ಇದೆ. ಒಂದು ಜೆನೊಸೈಡ್, ಅಂದರೆ ಮಂತ್ರದ ಸ್ಕ್ರೋಲ್ ಓದಿ ಜಾತಿಯನ್ನೇ ಅಳಿಸುವುದು. ಸಾಮಾನ್ಯ ಸ್ಕ್ರೋಲ್ ಓದಿದರೆ ಒಂದು ಜಾತಿ ಹೋಗುತ್ತದೆ, ಬ್ಲೆಸ್ ಆದದ್ದು (ಆಶೀರ್ವಾದ ಪಡೆದದ್ದು) ಓದಿದರೆ ಪರದೆಯಲ್ಲಿ ಒಂದೇ ಅಕ್ಷರದಿಂದ ತೋರಿಸುವ ಜಾತಿಗಳ ಗುಂಪೇ ಹೋಗುತ್ತದೆ. ಆದರೆ ಬಾಲ್‌ರಾಗ್, ಕೌಟ್ಲ್ ತರಹದವು ಇದಕ್ಕೆ ಬಗ್ಗುವುದಿಲ್ಲ. ಇನ್ನೊಂದು ದಾರಿ ಎಕ್ಸ್‌ಟಿಂಕ್ಷನ್. ಆಟ ಪ್ರತಿ ಜಾತಿಯಲ್ಲಿ ಎಷ್ಟು ಹುಟ್ಟಿವೆ ಎಂದು ಲೆಕ್ಕ ಇಡುತ್ತದೆ. 120 ಆದ ಮೇಲೆ ಆ ಜಾತಿ ತಾನಾಗಿ ಹುಟ್ಟುವುದು ನಿಲ್ಲುತ್ತದೆ. ನಾಜ್‌ಗುಲ್‌ಗೆ ಮಿತಿ 9, ಎರಿನಿಸ್‌ಗೆ 3. ಗಮನಿಸಿ, ಲೆಕ್ಕ ಹುಟ್ಟಿದ್ದಕ್ಕೆ, ಸತ್ತದ್ದಕ್ಕೆ ಅಲ್ಲ. ಉಳಿದವನ್ನು ಹುಡುಕಿ ಕೊಲ್ಲುವುದು ನಿಮ್ಮ ಕೆಲಸ.

ಹಾಗಾಗಿ ಇಲ್ಲಿ ಕತ್ತಿಗಿಂತ ಕಾಯುವುದೇ ಜಾಸ್ತಿ. ಸಾಮಾನ್ಯವಾಗಿ ಸರಾಸರಿ 70 ಟರ್ನ್‌ಗೆ ಒಮ್ಮೆ ಹೊಸ ಮಾನ್‌ಸ್ಟರ್ ಬರುತ್ತದೆ. 300 ಜಾತಿ ಎಂದು ಹಿಡಿದು 120ರಿಂದ, ಆಮೇಲೆ 70ರಿಂದ ಗುಣಿಸಿ ನೋಡಿ. 25 ಲಕ್ಷ ಟರ್ನ್! ಮಾಮೂಲಿ ಗೆಲುವಿಗೆ ಕೆಲವು ಹತ್ತು ಸಾವಿರ ಟರ್ನ್ ಸಾಕು, ಅಲ್ವಾ? ಕೆಲವು ಜಾತಿಗಳು ಗುಂಪಾಗಿ ಬರುವುದರಿಂದ ನಿಜವಾದ ಲೆಕ್ಕ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಆಟದ ದೊಡ್ಡ ಖಳನಾಯಕ ವಿಜರ್ಡ್ ಆಫ್ ಯೆಂಡೋರ್‌ನನ್ನು ಒಮ್ಮೆ ಕೊಂದರೆ 70 ಇದ್ದದ್ದು 25ಕ್ಕೆ ಬರುತ್ತದೆ. ಆದರೆ ಆ ಪುಣ್ಯಾತ್ಮ ಮತ್ತೆ ಮತ್ತೆ ಎದ್ದು ಬರುತ್ತಾನೆ. ಪ್ರಾರ್ಥನೆಗಳ ನಡುವಿನ ಅಂತರವೂ ಉದ್ದವಾಗುತ್ತದೆ. ಹಸಿವಿಗೆ ಪ್ರಾರ್ಥನೆಯನ್ನೇ ನಂಬಿದವರಿಗೆ ಇದು ಸಣ್ಣ ವಿಷಯವಲ್ಲ. ನಾನಾದರೆ ಈ ವೇಗಕ್ಕೆ ಆಸೆ ಪಡದೆ ವಿಜರ್ಡ್‌ನನ್ನು ತಡವಾಗಿಯೇ ಮುಟ್ಟುತ್ತೇನೆ.

ಎಲ್ಲಿ ಕಾಯಬೇಕು ಎಂಬುದು ಇನ್ನೂ ಮುಖ್ಯ. ಮಾನ್‌ಸ್ಟರ್‌ನ ಕಷ್ಟದ ಮಟ್ಟಕ್ಕೆ ಕೆಳಮಿತಿ ನೀವಿರುವ ಆಳದ ಆರನೇ ಒಂದು ಭಾಗ. ಮೇಲ್ಮಿತಿ, ಆಳಕ್ಕೆ ನಿಮ್ಮ ಎಕ್ಸ್‌ಪೀರಿಯನ್ಸ್ ಲೆವೆಲ್ ಕೂಡಿಸಿ ಅರ್ಧ ಮಾಡಿದ್ದು. ನಿಮ್ಮದು 30 ಇದ್ದರೂ ಮೊದಲ ಮಹಡಿಯಲ್ಲಿ 15ರ ಮೇಲಿನದು ಬರುವುದಿಲ್ಲ. ತೀರಾ ಆಳಕ್ಕೆ ಹೋದರೆ ನ್ಯೂಟ್‌ನಂಥ ಬಡಪಾಯಿಗಳು ಹುಟ್ಟುವುದೇ ಇಲ್ಲ. ಅದಕ್ಕೇ ಮೇಲಿನ ಮಹಡಿಗಳ ಪುಡಿ ಜಾತಿಗಳನ್ನು ಮೊದಲು ಮುಗಿಸಿ, ಆಮೇಲೆ ಇಳಿಯಿರಿ. ಬಾಲ್‌ರಾಗ್ ತಾನಾಗಿ ಹುಟ್ಟುವುದು ಗೆಹೆನಮ್‌ನಲ್ಲಿ, ಅಂದರೆ ತಳದ ನರಕದ ಮಹಡಿಗಳಲ್ಲಿ ಮಾತ್ರ. ಕೌಟ್ಲ್ ಅಲ್ಲಿ ಹುಟ್ಟುವುದೇ ಇಲ್ಲ. ಅದನ್ನು ಮೇಲೆಯೇ ಮುಗಿಸಬೇಕು.

ಒಂದು ಸಮಾಧಾನವಿದೆ. ಜಾತಿಗಳು ಒಂದೊಂದೇ ಖಾಲಿಯಾದಂತೆ ಆಟ ಉಳಿದವುಗಳಿಂದ ಆಯ್ಕೆ ಮಾಡುತ್ತದೆ. ಅಪರೂಪದವು ಆಗ ಪದೇ ಪದೇ ಬರತೊಡಗುತ್ತವೆ. ಕೊನೆಗೆ ಒಂದೂ ಉಳಿಯದಿದ್ದರೆ? ಅದನ್ನೂ ಬರೆದವರು ಯೋಚಿಸಿದ್ದಾರೆ. ‘ಇನ್ನು ಮಾನ್‌ಸ್ಟರ್‌ಗಳೇ ಇಲ್ಲ’ ಎಂಬ ಅರ್ಥದ ಟಿಪ್ಪಣಿ ಸೋರ್ಸ್ ಕೋಡ್‌ನಲ್ಲಿದೆ. ಅದನ್ನು ಓದಿದಾಗ ನಗು ಬಂದಿತ್ತು.

ಈಗ ಆ ಉಲ್ಟಾ ಸ್ಕ್ರೋಲ್ ವಿಷಯ. ಕರ್ಸ್ ಆದ (ಶಾಪ ತಗುಲಿದ) ಜೆನೊಸೈಡ್ ಸ್ಕ್ರೋಲ್ ಓದಿ ಒಂದು ಜಾತಿಯ ಹೆಸರು ಹೇಳಿದರೆ, ಅದರ 4ರಿಂದ 6 ಮಾನ್‌ಸ್ಟರ್‌ಗಳು ನಿಮ್ಮ ಸುತ್ತಲೇ ಹುಟ್ಟುತ್ತವೆ. ಅವೂ 120ರ ಲೆಕ್ಕಕ್ಕೆ ಸೇರುತ್ತವೆ. ಅಪರೂಪದ, ಆದರೆ ನೀವು ಸುಲಭವಾಗಿ ಹೊಡೆಯಬಲ್ಲ ಜಾತಿಗಳಿಗೆ ಇದನ್ನು ಇಟ್ಟುಕೊಳ್ಳಿ. ಮ್ಯಾಜಿಕ್ ಮಾರ್ಕರ್‌ನಲ್ಲಿ ಸ್ಕ್ರೋಲ್ ಬರೆದು ಅನ್‌ಹೋಲಿ ವಾಟರ್‌ನಲ್ಲಿ ಅದ್ದಿದರೆ ಆಯಿತು, ಅದು ಕರ್ಸ್ ಆಗುತ್ತದೆ. ಮಾರ್ಕರ್‌ಗೆ ಒಮ್ಮೆ ಮಾತ್ರ ರೀಚಾರ್ಜ್, ಹಾಗಾಗಿ ಸುಮ್ನೆ ಖರ್ಚು ಮಾಡಬೇಡಿ.

ಲಿಚ್‌ಗಳ ಭಯಕ್ಕೆ ಬ್ಲೆಸ್ ಆದ ಸ್ಕ್ರೋಲ್ ಓದಿ ‘ಎಲ್’ ಅಳಿಸುವ ಆಸೆ ಬರುತ್ತದೆ. ಎಲ್ಲ ಜಾತಿಗಳನ್ನೂ ಎಕ್ಸ್‌ಟಿಂಕ್ಷನ್‌ನಿಂದಲೇ ಮುಗಿಸುವ ಗುರಿ ಇದ್ದರೆ ಅದು ಬೇಡ. ಜೆನೊಸೈಡ್ ಆದ ಜಾತಿ ಆಮೇಲೆ ಹುಟ್ಟುವುದಿಲ್ಲ, 120 ತಲುಪುವುದೂ ಇಲ್ಲ. ಮೈಂಡ್ ಫ್ಲೇಯರ್ ಕಾಟ ತಡೆಯಲಾಗದೆ ‘ಎಚ್’ ಅಳಿಸುವವರೂ ಇದ್ದಾರೆ. ನೀವು ಡ್ವಾರ್ಫ್ ಆಗಿದ್ದರೆ ಅದನ್ನಂತೂ ಕನಸಲ್ಲೂ ಯೋಚಿಸಬೇಡಿ. ನೀವೂ ಅದೇ ಗುಂಪಿನವರು, ಓದಿದ ಕ್ಷಣವೇ ಆಟ ಮುಗಿಯುತ್ತದೆ.